ಆಚೆ ದಡದಲ್ಲಿ ಏನಿದೆ?

ರಸ್ತೆಬದಿಯ ಚರಂಡಿ ದಾಟುವಾಗಲೂ ಲತೀಫ್ ಸಾರ್ ಮೊದಲು ಕೊಡೆಯ ತುದಿಯಿಂದ ಆಚೆ ಅಂಚನ್ನು ಕುಟ್ಟಿ ನೋಡುತ್ತಿದ್ದರು. ಹುಣಸೂರಿನ ನಮ್ಮ ಕಾಲೇಜಿನಲ್ಲಿ ಅವರು ಇತಿಹಾಸ ಕಲಿಸುತ್ತಿದ್ದರು, ನಾನು ಅರ್ಥಶಾಸ್ತ್ರ. ನನಗೂ ಎಲ್ಲದಕ್ಕೂ ಭಯವೇ. ಆದರೆ ನನ್ನ ಭಯದಿಂದ ಬರುತ್ತಿದ್ದುದು ಎದೆಯುರಿ. ಅವರ ಭಯದಿಂದ ಒಂದು ಒಳ್ಳೆಯ ಪ್ರಶ್ನೆ.

ಎರಡನೇ ಮಹಾಯುದ್ಧದಲ್ಲಿ ಮಿತ್ರಪಡೆಗಳು ಫ್ರಾನ್ಸಿನ ಡಿಯೆಪ್ ಎಂಬ ಕಡಲೂರಿನ ಮೇಲೆ ಸಮುದ್ರದಿಂದ ದಾಳಿಮಾಡಿ ಸೋತ ಕಥೆ ಅವರ ಮೆಚ್ಚಿನ ಪಾಠ. "ದಡ ಹೆಂಗಿದೆ ಅಂತ ತಿಳ್ಕೊಳ್ಳೋಕೆ ಪ್ರವಾಸಿಗರ ಹಳೇ ಫೋಟೋ ಇಟ್ಕೊಂಡು ಕೂತ್ರು ಕಣ್ರೋ! ಟ್ಯಾಂಕು ಇಳೀತು, ಉರುಟುಗಲ್ಲಲ್ಲಿ ಸಿಕ್ಕಿ ನಿಂತೇಹೋಯ್ತು. ಇಂಗ್ಲಿಷಲ್ಲಿ ಏನಂದ್ಕೊಂಡ್ರೋ, ನಮ್ ಭಾಷೇಲಿ 'ಆಯ್ತದೆ ಬುಡು' ಅಂದಿರ್ಬೇಕು." ತರಗತಿ ನಗುತ್ತಿತ್ತು. ಅವರು ನಗುತ್ತಿರಲಿಲ್ಲ.

ಲಕ್ಷ್ಮಣತೀರ್ಥ ಹೊಳೆ ಉಕ್ಕಿದ ವರ್ಷ ನಾವಿಬ್ಬರೂ ಸಂತ್ರಸ್ತರಿಗೆ ಅಕ್ಕಿ, ಕಂಬಳಿ ಹಂಚಲು ಹನಗೋಡಿಗೆ ಹೋಗಿದ್ದೆವು, ಅವರು ಬಸ್ಸಿನಲ್ಲಿ, ನಾನು ಬೈಕಿನಲ್ಲಿ. ಅವರ ಹಳೇ ವಿದ್ಯಾರ್ಥಿ ಸಿದ್ದರಾಜ ಹರಿಗೋಲು ಇಳಿಸುತ್ತಿದ್ದ. ಆಚೆ ದಡದಲ್ಲಿ ಅವನ ತುಂಬು ಬಸುರಿ ತಂಗಿ ಮಂಜುಳಾಗೆ ನೋವು ಶುರುವಾಗಿತ್ತು.

"ಆಚೆ ಎಲ್ಲಿ ಕಟ್ತೀಯ?" ಎಂದರು ಸಾರ್.

ಅವನು ಮೊಬೈಲಿನಲ್ಲಿದ್ದ ಒಂದು ಫೋಟೋ ತೋರಿಸಿದ. "ಇಲ್ನೋಡಿ ಸಾ, ಮೆಟ್ಲೇ ಅದೆ. ಆಯ್ತದೆ ಬುಡಿ."

"ಚಡ್ಡೀಲಿ ನಿಂತಿದೀಯ. ಬೇಸಿಗೇದು ತಾನೆ?"

"ಈಜಕ್ಕೆ ಹೋಗಿದ್ದು ಸಾ."

"ಈಗ ಆ ಮೆಟ್ಟಿಲ ಮೇಲೆ ಏನಿದೆ?"

"ಅಲ್ಲಿ ತಂಗಿ ನೋವು ತಿಂತಾವ್ಳೆ, ನೀವಿಲ್ಲಿ ಪರೀಕ್ಷೆ ಮಾಡ್ತಿದ್ದೀರಲ್ಲ ಸಾ!"

"ಅವಳು ಅಲ್ಲಿರೋದ್ರಿಂದಲೇ ಕೇಳ್ತಿರೋದು ಕಣೋ. ಅವಳ ಗಂಡಂಗೆ ಫೋನ್ ಹಾಕು."

ಮಂಜುಳಾಳ ಗಂಡ ಹೋಗಿ ನೋಡಿ ಫೋನಿನಲ್ಲಿ ಹೇಳಿದ: ಮೆಟ್ಟಿಲು ಮುಳುಗಿದೆ, ಮೇಲಿನ ತೋಟದ ತಂತಿಬೇಲಿ ಕೊಚ್ಚಿಬಂದು ಅಲ್ಲೇ ಸುತ್ತಿಕೊಂಡಿದೆ, ಸ್ವಲ್ಪ ಮೇಲ್ಗಡೆ ಪಂಪ್‌ಹೌಸ್ ಪಕ್ಕದ ಹುಲ್ಲಿನ ಇಳಿಜಾರಿನಲ್ಲಿ ಅಡ್ಡ ಏನೂ ಇಲ್ಲ. ಸಿದ್ದರಾಜ ಹರಿಗೋಲನ್ನು ಹೊತ್ತು ಈಚೆ ದಡದ ಮೇಲೆಯೇ ಅಷ್ಟು ದೂರ ಹೊಳೆಯ ಮೇಲ್ಗಡೆಗೆ ನಡೆದ. ನಾನು ಕಣ್ಣುಮುಚ್ಚಿ ಗೊತ್ತಿರುವ ದೇವರನ್ನೆಲ್ಲ ಕರೆದೆ. ಕಣ್ಣು ಬಿಟ್ಟಾಗ ಮಂಜುಳಾ ಗಂಡನ ಭುಜ ಹಿಡಿದು ಈಚೆ ಇಳಿಯುತ್ತಿದ್ದಳು.

ಕಾದಿದ್ದ ಆಂಬುಲೆನ್ಸ್ ಅವಳನ್ನು ಹತ್ತಿಸಿಕೊಂಡು ಹೊರಟಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು. "ಅರೆ, ಅವಳ ಅತ್ತೆ ಅಲ್ಲೇ ಉಳಿದಿದಾರಲ್ಲ! ಅವಳನ್ನ ಕಳ್ಸೋದಷ್ಟೇ ಅಲ್ಲ, ಉಳಿದವರನ್ನ ಕರ್ಕೊಂಡು ಬರೋದೂ ನೋಡ್ಬೇಕಲ್ಲವಾ?" ಎಂದು ಸಾರ್ ಹರಿಗೋಲನ್ನು ಮತ್ತೆ ಕಳಿಸಿದರು. ಆ ಅಜ್ಜಿ ಕೋಳಿಯೊಂದನ್ನು ಕಂಕುಳಲ್ಲಿ ಅವುಚಿಕೊಂಡು ಬರುವವರೆಗೂ ಸಾರ್ ದಡದಿಂದ ಕದಲಲಿಲ್ಲ.

ಅಷ್ಟರಲ್ಲಿ ಹುಣಸೂರಿನ ಕೊನೆಯ ಬಸ್ಸು ಹೋಗಿತ್ತು. ಎಲ್ಲರ ದಾರಿ ಯೋಚಿಸಿದವರು ತಾವು ಮನೆಗೆ ಹೋಗುವುದನ್ನು ಯೋಚಿಸಿರಲಿಲ್ಲ. ಪೆಚ್ಚಾಗಿ ನಕ್ಕು ನನ್ನ ಬೈಕ್ ಹತ್ತಿದರು. ಅರ್ಧ ದಾರಿಯಲ್ಲಿ ಸಿದ್ದರಾಜನ ಫೋನು: "ಹೆಣ್ಮಗ ಸಾ, ಇಬ್ರೂ ಚೆನ್ನಾಗವ್ರೆ." ಸಾರ್ "ಅಲ್ಲಾ ಕಾ ಶುಕ್ರ್" ಎಂದು ದೇವರನ್ನು ನೆನೆದರು. ಸ್ವಲ್ಪ ಹೊತ್ತಿಗೆ ನನ್ನ ಬೆನ್ನಿಗೊರಗಿ ನಿದ್ದೆಹೋದರು. ಬಿದ್ದಾರೆಂಬ ಭಯಕ್ಕೆ ಅವರ ಕೈಯನ್ನು ನನ್ನ ಹೊಟ್ಟೆಗೆ ಒತ್ತಿ ಹಿಡಿದು, ಒಂದೇ ಕೈಯಲ್ಲಿ ಬೈಕ್ ಓಡಿಸಿ, ಅವರ ಬಾಗಿಲಿಗೆ ತಲುಪಿಸಿದೆ.

ಮುಂದಿನ ಮಳೆಗಾಲಕ್ಕೆ ಅವರಿರಲಿಲ್ಲ. ನಿದ್ದೆಯಲ್ಲೇ ಹೋದರಂತೆ. ಅವತ್ತು ಪಕ್ಕದಲ್ಲಿ ನಾನಿರಲಿಲ್ಲ.