ಕ್ಲಚ್ ಇಲ್ಲದ ಕಾರು

ನ್ಯಾಮತಿಯಲ್ಲಿ ಗ್ಯಾರೇಜು ಇಟ್ಟುಕೊಂಡು ಎಂಥೆಂಥ ಗಾಡಿಗಳ ಜೊತೆ ಹೆಣಗಿದ್ದೇನೆ. ಆದರೆ ನೇತ್ರಾವತಿ ಮೇಡಂ ಅವರ ಹಳೇ ಕಾರಿನಷ್ಟು ನನ್ನ ತಲೆ ತಿಂದದ್ದು ಇನ್ನೊಂದಿಲ್ಲ. ಮೇಡಂ ಅಂಗನವಾಡಿ ಮೇಲ್ವಿಚಾರಕಿ. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಎಡಗಾಲಿನಲ್ಲಿ ಬಲವಿಲ್ಲ. ಕ್ಲಚ್ ತುಳಿಯಲಾಗದೆಂದೇ, ತಾನಾಗಿ ಗೇರ್ ಬದಲಿಸಿಕೊಳ್ಳುವ ಕಾರು ಹುಡುಕಿ ತಂದಿದ್ದರು. ಅಲ್ಲಿಯವರೆಗೆ ಹಳ್ಳಿ ಹಳ್ಳಿ ತಿರುಗಲು ಒಡಹುಟ್ಟಿದ ತಮ್ಮ ಪ್ರವೀಣನ ಬೈಕೇ ಗತಿ. ಅವನಿಗೆ ಬಿಡುವಾದಾಗ ಇವರಿಗೆ ಡ್ಯೂಟಿ. ಅವನು ಮುಖ ಗಂಟಿಕ್ಕಿದ ದಿನ ಇವರು ಮನೆಯಲ್ಲೇ.

ಆ ಕಾರು ಇದ್ದಕ್ಕಿದ್ದಂತೆ ಒಂದೇ ಗೇರಿನಲ್ಲಿ ಸಿಕ್ಕಿಕೊಂಡು ಎತ್ತಿನ ಗಾಡಿಯ ಹಾಗೆ ತೆವಳತೊಡಗಿತು. ಸ್ಕ್ಯಾನರ್ ಹಾಕಿದರೆ ಗೇರ್‌ಬಾಕ್ಸಿನ ಸ್ಪೀಡ್ ಸೆನ್ಸರ್ ಕೆಟ್ಟಿದೆ ಎಂದಿತು. ಕಾರು ಎಷ್ಟು ವೇಗದಲ್ಲಿದೆ ಎಂದು ತಿಳಿಸುವುದೇ ಅದರ ಕೆಲಸ. ಅದು ಬಾಯಿ ಮುಚ್ಚಿದರೆ ಗೇರ್ ಏರುವುದಿಲ್ಲ. ಸೆನ್ಸರಿನ ವೈರಿನ ಪ್ಲಗ್ ಕಿತ್ತು ನೋಡಿದೆ, ಒಳಗೆಲ್ಲ ಕೆಂಪು ತೇವ. ಗೇರ್‌ಬಾಕ್ಸಿನ ಆಯಿಲ್ಲೂ ಕೆಂಪೇ. ಸೀಲ್ ಸೋರುತ್ತಿದೆ ಎಂದುಕೊಂಡು ಸೀಲನ್ನೂ ಸೆನ್ಸರನ್ನೂ ಹೊಸದು ಹಾಕಿದೆ. ಮುಂದಿನ ತಿಂಗಳು ಮತ್ತದೇ ಹಾಡು. ಮತ್ತೆ ಬಿಚ್ಚಿದರೆ ಮತ್ತೆ ಕೆಂಪು. ವೈರಿಂಗ್ ಪೂರ್ತಿ ತಡಕಿದರೂ ಏನೂ ಸಿಗಲಿಲ್ಲ, ಒರೆಸಿ ಹಾಕಿದ ಮೇಲೆ ಹೇಗೋ ಓಡಿತು. ಹಾಳಾಗಿ ಹೋಗಲಿ, ಈ ಕಸುಬೇ ಬೇಡ ಅನಿಸಿಬಿಟ್ಟಿತ್ತು.

ಮತ್ತೊಂದು ಸಲ ಕೆಟ್ಟಾಗ ಪ್ರವೀಣ ಬ್ರೋಕರ್‌ಗೆ ಬರಹೇಳಿದ್ದ. ಇವತ್ತು ರಿಪೇರಿಯಾಗದಿದ್ದರೆ ಮಾರುವುದೇ ಎಂದು ತೀರ್ಮಾನವಾಗಿತ್ತು. ನಾನು ಅವರ ಮನೆಗೇ ಹೋಗಿದ್ದೆ; ಮೇಡಂ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ನನ್ನ ಕೈಯನ್ನೇ ನೋಡುತ್ತ ಕೂತಿದ್ದರು. ಪ್ಲಗ್ ಎಳೆದೆ. ಕೆಂಪು ಹನಿ ಬೆರಳಿಗಿಳಿಯಿತು. ಸಿಟ್ಟಿನಲ್ಲಿ ಉಜ್ಜಿದರೆ ಜಿಡ್ಡೇ ಇಲ್ಲ. ಮೂಸಿದೆ, ಅರಿಶಿನ. ಎಲಾ ಇವನ, ಇದು ಆಯಿಲ್ಲಲ್ಲ, ಓಕುಳಿ ನೀರು!

ಕಾರಿಗೆ ದೃಷ್ಟಿ ತೆಗೆಯುವವರು ಯಾರು ಎಂದು ಕೂಗಿದೆ. ಮೇಡಂ ಅವರ ತಾಯಿ ಚೌಡಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ಅಮಾವಾಸ್ಯೆಗೆ ಅರಿಶಿನ ಸುಣ್ಣ ಕದಡಿದ ನೀರನ್ನು ನಿವಾಳಿಸಿ ಚಕ್ರದ ಬುಡಕ್ಕೆ ಚೆಲ್ಲುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಈ ಮಹಾತಾಯಿ ಬಾನೆಟ್ ಎತ್ತಿಸಿ ಒಳಕ್ಕೇ ಹೊಯ್ಯುತ್ತಿದ್ದರಂತೆ. ಕಾರು ಕೆಟ್ಟಷ್ಟೂ ಇನ್ನೊಂದು ಚೊಂಬು ಹೆಚ್ಚು. ಪ್ಲಗ್ಗಿನ ಪಿನ್ನುಗಳು ಹಸಿರುಗಟ್ಟಿಹೋಗಿದ್ದವು. ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯದೆ ಪಿನ್ನು ಉಜ್ಜಿ, ಒಣಗಿಸಿ, ಹೊಸ ಪ್ಲಗ್ ಸಿಕ್ಕಿಸಿ, ಇನ್ನು ಒಳಗೆ ಒಂದು ಹನಿ ನೀರು ಬಿದ್ದರೂ ನನ್ನನ್ನು ಕರೆಯಬೇಡಿ ಎಂದು ರೇಗಿದೆ.

ಚೌಡಕ್ಕನ ಕಣ್ಣು ತುಂಬಿತು. "ಕಾಲಿಲ್ಲದೋಳು ಕಾರು ಓಡಿಸ್ತಾಳೆ ಅಂತ ಊರೆಲ್ಲ ನಿಂತು ನೋಡ್ತೈತೆ. ಕಣ್ಣು ತಾಗಲ್ಲೇನಪ್ಪ?"

ಮೇಡಂ ಕುರ್ಚಿ ಹಿಡಿದು ಎದ್ದರು. "ಇಷ್ಟು ದಿನ ಅಯ್ಯೋ ಪಾಪ ಅಂತ ನೋಡ್ತಿದ್ರವ್ವ. ಈಗ ಹೊಟ್ಟೆ ಉರ್ಕೊಂಡು ನೋಡ್ತಾರೆ. ಅದನ್ನ ಯಾಕೆ ತೆಗಿತೀಯ?"

ನನ್ನ ಕೈಯಿಂದ ಕೀ ಇಸಿದುಕೊಂಡು ಹತ್ತಿ ಕೂತರು. ಬ್ರೋಕರ್ ಬೈಕಿಗೆ ಸ್ಟ್ಯಾಂಡ್ ಹಾಕುವಷ್ಟರಲ್ಲಿ ಕಾರು ಗೇರ್ ಏರಿಸಿಕೊಂಡು ರಸ್ತೆ ಹಿಡಿದಿತ್ತು.