ಬಾವಿಗೆ ಇಳಿದ ಅಂಗಡಿ

ಹಣೆಯಿಂದ ಮೂಗಿನ ಕೆಳಗಿನವರೆಗೆ ಅವರ ಮುಖದ ಮೇಲೆ ಸದಾ ಒಂದು ಕೆಂಪು ಗೆರೆ ದುಂಡಗೆ ಮೂಡಿರುತ್ತಿತ್ತು. ನೀರಿಗಿಳಿಯುವಾಗ ಬಿಗಿಯುವ ಮಾಸ್ಕಿನ ಗುರುತು ಅದು. ಗದ್ವಾಲದ ಸಂತೆಯಲ್ಲಿ ತರಕಾರಿ ಕೊಳ್ಳುವಾಗಲೂ ಅಳಿಸಿರುತ್ತಿರಲಿಲ್ಲ. ಎಲ್ಲರಿಗೂ ಅವರು ಅಂಗಡಿ ಅಕ್ಕ. ಸೀರೆ ಅಂಗಡಿಗಳ ಸಾಲಿನಲ್ಲಿ ಸ್ಕೂಬಾ ಡೈವಿಂಗ್ ಅಂಗಡಿ ತೆರೆದ ಹೆಂಗಸು! ಸಿಲಿಂಡರುಗಳನ್ನು ನೋಡಿ ಗ್ಯಾಸ್ ಕೇಳಿಕೊಂಡು ಬಂದವರೇ ಹೆಚ್ಚು. "ಇದು ಒಲಿಗಲ್ರೀ, ಉಸಿರಿಗೆ," ಅಂತ ಅವರನ್ನೂ ಕೂರಿಸಿ ಚಹಾ ಕುಡಿಸುತ್ತಿದ್ದರು.

ಚಳಿಗಾಲದಲ್ಲಿ ಹೈದರಾಬಾದಿನವರು ಬಂದು ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗು ಹಾಕುತ್ತಿದ್ದರು. ಮಳೆಗಾಲ ಬಂತೆಂದರೆ ಹೊಳೆ ಕೆಂಪಗಾಗಿ ಉಕ್ಕುತ್ತಿತ್ತು. ಅಂಗಡಿಗೆ ನರಪಿಳ್ಳೆಯೂ ಬರುತ್ತಿರಲಿಲ್ಲ. "ಈ ಮಳಿಗಾಲ ದಾಟಲಿಲ್ಲಂದ್ರ ಬೀಗಾನ," ಅಂತ ಆ ವರ್ಷ ಎಲ್ಲರೆದುರು ಅಂದುಬಿಟ್ಟಿದ್ದರಂತೆ.

ಅದೇ ವಾರ ಮಕ್ತಲ್ ಹತ್ತಿರದ ನಮ್ಮೂರಲ್ಲಿ ನನ್ನ ಗಂಗೆಪೂಜೆ. ಬಾಣಂತಿ ಮೊದಲ ಸಲ ಬಾವಿಗೆ ಹೋಗಿ, ಅರಿಶಿಣ ಕುಂಕುಮ ಏರಿಸಿ ನೀರು ಸೇದುವ ದಿನ. ನಾನು ಬಗ್ಗಿದೆ. ಕೊಂಡಿ ಕಳಚಿ ತಾಳಿ ಸರ ಆ ಆಳದ ಮೆಟ್ಟಿಲುಬಾವಿಗೆ ಬಿತ್ತು! ಅತ್ತೆ ಎದೆ ಎದೆ ಬಡಿದುಕೊಂಡರು. ಗಂಡಸರು ಹಗ್ಗಕ್ಕೆ ಕಟ್ಟಿದ ಕೊಕ್ಕೆಗಳ ಪಾತಾಳಗರಡಿ ಬಿಟ್ಟರೆ ಯಾರ್ಯಾರದೋ ಹಳೆಯ ಕೊಡಗಳು ಬಂದವೇ ಹೊರತು ತಾಳಿ ಬರಲಿಲ್ಲ. ಕಡೆಗೆ ನಮ್ಮ ಯಜಮಾನರು ಗದ್ವಾಲಕ್ಕೆ ಓಡಿ, ಸಿಲಿಂಡರ್ ಸಮೇತ ಅಂಗಡಿ ಅಕ್ಕನನ್ನು ಕರೆತಂದರು.

ಬಾತುಕೋಳಿಯ ಪಾದದಂಥ ರಬ್ಬರನ್ನು ಕಾಲಿಗೆ ಹಾಕಿ ಅಕ್ಕ ಇನ್ನೇನು ಇಳಿಯಬೇಕು, ಅತ್ತೆ ಅಡ್ಡ ನಿಂತರು.

"ಏ ತಡಿಯವ್ವಾ! ಚಪ್ಲಿ ಹಾಕ್ಕೊಂಡು ಗಂಗಮ್ಮನ್ಯಾಗ ಇಳೀತಿಯೇನು?"

ನಾನು ನಾಚಿಕೆಯಿಂದ ಕುಗ್ಗಿಹೋದೆ. ಅಕ್ಕ ಮಾತ್ರ ನಾಲಗೆ ಕಚ್ಚಿಕೊಂಡರು. "ತಪ್ಪಾತ್ರೀ ಅವ್ವಾ, ಬರಿಗಾಲಾಗ ಇಳೀತೀನಿ." ರಬ್ಬರು ಕಳಚಿಟ್ಟು, ಸಿಲಿಂಡರಿಗೂ ಕುಂಕುಮ ಹಚ್ಚಿಸಿಕೊಂಡರು.

ಇಳಿದೇಬಿಟ್ಟರು! ಊರಿಗೆ ಊರೇ ಕಟ್ಟೆಯ ಮೇಲೆ ಬಗ್ಗಿತ್ತು. ನೀರಿನ ಮೇಲೆ ಬುಳುಬುಳು ಗುಳ್ಳೆ. "ಗುಳ್ಳಿ ಬರಾಕತ್ಯಾವ, ಜೀವ ಐತಿ!" ಅಂತ ಅತ್ತೆ ಕೂಗುತ್ತಲೇ ಇದ್ದರು. ಮೊದಲು ಮೇಲೆ ಬಂದದ್ದು ಒಂದು ಕೈ, ಅದರಲ್ಲಿ ನನ್ನ ತಾಳಿ! ಜನ ಹೋ ಎಂದ ಅಬ್ಬರಕ್ಕೆ ನನ್ನ ಕೂಸು ಬೆಚ್ಚಿ ಅತ್ತಿತು, ನನಗೂ ಅಳು ತಡೆಯಲಾಗಲಿಲ್ಲ.

ಅತ್ತೆ ಉಡಿ ತುಂಬಿ, "ಇನ್ನೇನು ಬೇಕು ಕೇಳವ್ವಾ," ಅಂದರು.

"ಒಳಗ ನೀರು ಕನ್ನಡಿ ಆಗೇತ್ರೀ. ಮಳಿಗಾಲ ಮುಗಿಯೋಮಟ ಈ ಬಾವ್ಯಾಗ ಡೈವಿಂಗ್ ಕಲಸಾಕ ಜಾಗ ಕೊಡ್ರಿ. ಎಲ್ಲಾರಿಗೂ ಬರಿಗಾಲಾಗ ಕಲಸ್ತೀನಿ."

ಅಂಗಡಿ ಉಳಿಯಿತು. ಹೈದರಾಬಾದಿನವರು ಮಳೆಗಾಲದಲ್ಲಿ ನಮ್ಮ ಬಾವಿಯಲ್ಲಿ ಕಲಿತು, ಚಳಿಗಾಲದಲ್ಲಿ ಹೊಳೆಗಿಳಿಯತೊಡಗಿದರು. ನಾರಾಯಣಪೇಟೆಯ ನೇಕಾರರ ಹೆಣ್ಣುಮಕ್ಕಳೂ ಬಂದರು. ಮರುವರ್ಷ ಅಕ್ಕ ನನ್ನನ್ನೇ ಹಿಡಿದರು: "ತಾಳಿ ಕೆಡವಿದಾಕಿ, ಬಾ ಇಲ್ಲಿ, ಅದೆಲ್ಲಿ ಬಿದ್ದಿತ್ತು ತೋರಸ್ತೀನಿ." ಮೊಣಕಾಲುದ್ದದ ನೀರಿಗೂ ಹೆದರುತ್ತಿದ್ದ ನಾನು ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಅವರ ಜೊತೆ ಕಲಿಸುವವಳಾದೆ. ನನ್ನ ಧೈರ್ಯವೆಲ್ಲ ಅವರು ಕೊಟ್ಟದ್ದು.

ಈ ಬೇಸಿಗೆಯಲ್ಲಿ ಅವರು ಎದೆನೋವು ಬಂದು ಹೋಗಿಬಿಟ್ಟರು. ಇನ್ನು ಅಂಗಡಿ ಮುಚ್ಚಿದಂತೆಯೇ ಅಂತ ಬಜಾರಿನವರು ಮಾತಾಡಿಕೊಂಡರು. ನನಗೂ ಹಾಗೇ ಅನಿಸಿತ್ತು. ಮೊದಲ ಮಳೆಯ ಮರುದಿನ ಸಾಮಾನು ತೆಗೆದಿಡಲೆಂದು ಬಾವಿಗೆ ಹೋದರೆ, ಮೆಟ್ಟಿಲ ಮೇಲೆ ಅತ್ತೆ ಸೀರೆಗೆ ಕಚ್ಚೆ ಹಾಕಿ ಕೂತಿದ್ದರು.

"ಆಕಿ ಅಂಗಡಿ ಮುಚ್ಚಾಕ ನಾ ಬಿಡಂಗಿಲ್ಲ. ಈ ವರ್ಷ ಕಲಿಯಾಕ ಮೊದಲ್ನೇದಾಕಿ ನಾನ. ಕಟ್ಟು ಆ ಸಿಲಿಂಡರು."

ಅಳುತ್ತಲೇ ಕಟ್ಟಿದೆ.