ಬೀಗಪ್ಪನವರ ಹುಟ್ಟುಹಬ್ಬದ ಫ್ಲೆಕ್ಸ್

ಬನಹಟ್ಟಿಯಿಂದ ಚಿಮ್ಮಡದವರೆಗೆ ಯಾವ ಕಂಬಕ್ಕೆ ಯಾರ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟಿದ್ದರೂ ಅದು ಯಲ್ಲಾಲಿಂಗಣ್ಣನ ಅಂಗಡಿಯದೇ. ನಡುವೆ ಕರೀ ಕನ್ನಡಕ ಹಾಕಿಕೊಂಡ ಒಬ್ಬ ದೊಡ್ಡ ಮನುಷ್ಯ, ಕೆಳಗೆ ಸಣ್ಣ ಸಣ್ಣ ಬಿಲ್ಲೆಗಳಲ್ಲಿ ಶುಭ ಕೋರುವವರು. ಕಪ್ಪಗಿದ್ದವರನ್ನು ಬೆಳ್ಳಗೆ ಮಾಡುತ್ತಾನೆ, ಬೋಳು ತಲೆಗೆ ಕೂದಲು ತುಂಬಿಸುತ್ತಾನೆ. ಒಮ್ಮೆ ಒಬ್ಬನಿಗೆ ಎಂಥ ಮೀಸೆ ಹಚ್ಚಿದ್ದನೆಂದರೆ, ಹೆತ್ತ ತಾಯಿಯೇ ಕಂಬದ ಕೆಳಗೆ ನಿಂತು, "ಈ ಸಾಹೇಬರು ಯಾರ್ರೀ?" ಎಂದು ಕೇಳಿದಳು. ಹೀಗೇಕೆ ಮಾಡುತ್ತೀ ಅಂದರೆ "ಅದು ಕಲಾ" ಅನ್ನುತ್ತಾನೆ. ನನಗೆ ಮೈ ಉರಿಯುವುದೇ ಆ ಮಾತಿಗೆ.

ಅವನ ಹೆಂಡತಿ ವೈಶಾಲಿ ಮತ್ತು ನಾನು ಊರ ಹೊರಗಿನ ಹೊಲಿಗೆ ಶೆಡ್ಡಿನಲ್ಲಿ ಪಕ್ಕಪಕ್ಕದ ಮಷೀನಿನವರು. ದೂರದ ಶಹರದ ಹುಡುಗಿಯರು ಮೊಬೈಲಿನಲ್ಲಿ ತರಿಸಿಕೊಳ್ಳುವ ಟಾಪುಗಳನ್ನು ಹೊಲಿಯುತ್ತೇವೆ. ನಮ್ಮೂರ ಮಗ್ಗದ ಸೀರೆ ಅವ್ವನಿಂದ ಮಗಳಿಗೆ ಬರುತ್ತದೆ. ಈ ಟಾಪು ಎರಡು ಸಲ ತೊಳೆದರೆ ಗಾಡಿ ಒರೆಸಲು ಹೋಗುತ್ತದೆ, ಅಷ್ಟರೊಳಗೆ ಹೊಸ ಡಿಸೈನ್ ಬಂದಿರಬೇಕು. ಆ ಅವಸರಕ್ಕೆ ಸುಪರ್‌ವೈಜರ್ ಗಿರಮಲ್ಲಪ್ಪ ನಮ್ಮ ಶೌಚಾಲಯಕ್ಕೇ ಬೀಗ ಜಡಿದ. ತೆಗೆಯುವುದು ಊಟದ ಹೊತ್ತಿಗೆ ಮಾತ್ರ. ಹೆಂಗಸರು ಒಳಗೆ ಕುಳಿತು ಮೊಬೈಲು ನೋಡುತ್ತಾರೆ ಎಂಬುದು ಅವನ ವಾದ.

ಹೀಗೇ ಒಂದು ವರ್ಷ ಆಯಿತು. ನಾವು ಬೆಳಿಗ್ಗೆ ನೀರು ಕುಡಿಯುವುದನ್ನೇ ಬಿಟ್ಟೆವು. ವೈಶಾಲಿಗೆ ಉರಿಮೂತ್ರ ಹತ್ತಿ ಮೇಲಿಂದ ಮೇಲೆ ಜ್ವರ ಬರತೊಡಗಿತು. ಡಾಕ್ಟರು ನೀರು ಕುಡಿ ಅಂದರು, ಗಿರಮಲ್ಲಪ್ಪ ಹೊಲಿ ಅಂದ. ಯಲ್ಲಾಲಿಂಗಣ್ಣ ಬೆಳಿಗ್ಗೆ ನೀರು ಹಿಡಿದುಕೊಂಡು ಅವಳ ಹಿಂದೆ ಹಿಂದೆ ತಿರುಗುತ್ತಿದ್ದ. ಅವಳು ಒಲ್ಲೆ ಅನ್ನುತ್ತಿದ್ದಳು.

ಕೊನೆಗೆ ಶೆಡ್ಡಿನ ಮುಂದೆ ಒಂದು ಫ್ಲೆಕ್ಸ್ ಕಟ್ಟೋಣ ಅಂದುಕೊಂಡೆವು. ಬೀಗ ಹೋಗಬೇಕು, ನಮ್ಮ ಕೆಲಸ ಹೋಗಬಾರದು. ಅದಕ್ಕೆ ಯಾರ ಮುಖವೂ ಬೇಡ ಎಂದೆವು.

"ಮಾರಿ ಇಲ್ಲದ ಫ್ಲೆಕ್ಸ್ ಹೆಂಗ ಆಕ್ಕೈತಿ? ಅದು ಬರೇ ತಾಡಪತ್ರಿ," ಅಂದ ಯಲ್ಲಾಲಿಂಗಣ್ಣ.

ಆದರೂ ಒಂದನ್ನು ಮಾಡಿ ಕಂಪ್ಯೂಟರಿನಲ್ಲಿ ತೋರಿಸಿದ. ಎಲ್ಲಿಂದಲೋ ಹುಡುಕಿ ತೆಗೆದ ಬೆಳ್ಳನೆಯ ಹೆಂಗಸು, ಕೈಗೆ ಸರಪಳಿ, ಕಣ್ಣಲ್ಲಿ ನೀರು, ತುಟಿಗೆ ಕೆಂಪು ಬಣ್ಣ.

"ಇಕಿ ಯಾರಣ್ಣ?" ಎಂದು ಕೇಳಿದೆ.

"ನೀವ, ರೇಷ್ಮಾ. ಶೋಷಿತ ಮಹಿಳಾ."

"ಕೈಗೆ ಸರಪಳಿ ಕಟಗೊಂಡು ಟಾಪಿಗೆ ತೋಳು ಹೆಂಗ ಹಚ್ತಾಳು?"

ವೈಶಾಲಿ ಹಣೆ ಹಣೆ ಬಡಿದುಕೊಂಡಳು. "ನಿಮಗ ಬರೂದು ಹುಟ್ಟಹಬ್ಬ ಒಂದ. ಅದನ್ನರ ಮಾಡ್ರಿ."

ಅವಳು ಸಿಟ್ಟಿಗೆ ಅಂದದ್ದು. ಅವನು ಅದನ್ನು ಆರ್ಡರ್ ಅಂತ ತಿಳಿದ.

ಮರುದಿನ ನಮ್ಮನ್ನೆಲ್ಲ ಗೋಡೆಗೆ ಮುಖ ಮಾಡಿ ನಿಲ್ಲಿಸಿ ಹಿಂದಿನಿಂದ ಫೋಟೊ ಹೊಡೆದ. ಪ್ರತಿಯೊಬ್ಬರಿಗೂ "ಸ್ವಲ್ಪ ನಗ್ರಿ" ಅನ್ನುತ್ತಿದ್ದ. ಹಿಂದಿನಿಂದ ನಕ್ಕರೆ ಏನು ಕಾಣುತ್ತದೆ ಅಂದರೆ, "ಹೆಗಲ ಮ್ಯಾಲ ಕಾಣತೈತಿ" ಅಂದ.

ಸೋಮವಾರ ಬೆಳಿಗ್ಗೆ ಗೇಟಿನ ಎದುರು ಫ್ಲೆಕ್ಸ್ ಎದ್ದಿತು. ಹಾರ ಹಾಕಿಕೊಂಡು, ಕರೀ ಕನ್ನಡಕ ಇಟ್ಟುಕೊಂಡ ಆಳೆತ್ತರದ ಬೀಗ. 'ಶೌಚಾಲಯದ ಧೀಮಂತ ಕಾವಲುಗಾರ ಸನ್ಮಾನ್ಯ ಶ್ರೀ ಬೀಗಪ್ಪನವರಿಗೆ ಮೊದಲ ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು. ಕೋರುವವರು: ನೀರು ಕುಡಿಯದೆ ಟಾಪು ಹೊಲಿಯುವ ಅಭಿಮಾನಿ ಬಳಗ.' ಕೆಳಗಿನ ಬಿಲ್ಲೆಗಳಲ್ಲಿ ನಮ್ಮ ಜಡೆ, ತುರುಬುಗಳು. ಜನ ಟಂಟಂ ರಿಕ್ಷಾ ನಿಲ್ಲಿಸಿ ಓದಿ ಬಿದ್ದು ಬಿದ್ದು ನಕ್ಕರು. ಒಬ್ಬ ಮುದುಕ ಬೀಗಪ್ಪನವರು ಯಾವ ವಾರ್ಡಿನವರು ಎಂದು ವಿಚಾರಿಸಿದನಂತೆ. ನೋಡನೋಡುತ್ತ ಅದು ಜಮಖಂಡಿ, ಮುಧೋಳದ ಮೊಬೈಲುಗಳಿಗೂ ಹೋಯಿತು.

ಗಿರಮಲ್ಲಪ್ಪನಿಗೆ ಮಾತ್ರ ನಗು ಬರಲಿಲ್ಲ. ಫ್ಲೆಕ್ಸಿನ ಫೋಟೊ ತೆಗೆದುಕೊಂಡು ಒಳಗೆ ಬಂದವನೇ ಮಷೀನು ಬಂದ್ ಮಾಡಿಸಿದ.

"ಎಲ್ಲಾರೂ ಗ್ವಾಡಿ ಕಡೆ ಮಾರಿ ಮಾಡಿ ನಿಂದರ್ರಿ. ಯಾರ ಜಡಿ ಇದರಾಗ ಐತಿ, ಅವರನ್ನ ಇವತ್ತ ಮನಿಗೆ ಕಳಸ್ತೇನಿ."

ನಿಂತೆವು. ಅವನು ಒಂದೊಂದೇ ಜಡೆಯ ಪಕ್ಕಕ್ಕೆ ಫೋನು ಹಿಡಿದು ತಾಳೆ ನೋಡುತ್ತ ಬಂದ. ತಾಳೆ ಆಗುವುದಾದರೂ ಹೇಗೆ? ಯಲ್ಲಾಲಿಂಗಣ್ಣ ರೂಢಿಯಂತೆ ಎಲ್ಲರಿಗೂ ಕೂದಲು ತುಂಬಿಸಿದ್ದ. ನಮ್ಮೆಲ್ಲರಿಗಿಂತ ಹಿರಿಯಳಾದ ಹೊಳೆವ್ವನ ನಿಂಬೆಹಣ್ಣಿನಷ್ಟು ಬಿಳೀ ತುರುಬು ಫೋನಿನಲ್ಲಿ ಕಪ್ಪಗೆ ತೆಂಗಿನಕಾಯಿಯಷ್ಟಾಗಿತ್ತು. ನನ್ನ ಇಲಿಬಾಲಕ್ಕೆ ಬಾವಿ ಹಗ್ಗದ ದಪ್ಪ ಬಂದಿತ್ತು. ಅಂಥ ಜಡೆಯವರು ಇಡೀ ತಾಲೂಕಿನಲ್ಲಿ ಇರಲಿಲ್ಲ.

ಕೊನೆಗೆ ಬೇಸತ್ತು ಫ್ಲೆಕ್ಸಿನವನ ಹೆಂಡತಿಯನ್ನೇ ಹಿಡಿದ. "ವೈಶಾಲಿ, ಈ ಕಡೆ ತಿರುಗು."

ವೈಶಾಲಿ ತಿರುಗಲಿಲ್ಲ. "ಮೊದಲ ಕೀಲಿ ತಗೀರಿ, ಸರ," ಅಂದಳು ಗೋಡೆಗೆ.

"ನೀ ಮನಿಗೆ ನಡಿ. ಉಳದವರು ತಿರುಗಿ ಕೆಲಸಕ್ಕ ಕುಂದರ್ರಿ."

ಯಾರೂ ತಿರುಗಲಿಲ್ಲ. ನಿಲ್ಲಿಸಿದವನು ಅವನೇ, ನಿಂತೇ ಇದ್ದೆವು. ಮಾಲು ಒಯ್ಯುವ ಲಾರಿ ಗೇಟಿಗೆ ಬಂದು ಹಾರ್ನ್ ಹೊಡೆಯಿತು. ಮಾಲಕರ ಫೋನು ಬಂತು, ಮತ್ತೆ ಬಂತು. ಗಿರಮಲ್ಲಪ್ಪ ನಮ್ಮ ಬೆನ್ನುಗಳಿಗೆ ಬೈದ, ಆಮೇಲೆ ದನಿ ಇಳಿಸಿ ಅವೇ ಬೆನ್ನುಗಳಿಗೆ ಅಕ್ಕಾ, ತಂಗೀ ಅಂದ. ಕೊನೆಗೆ ಶೌಚಾಲಯದ ಬಾಗಿಲು ತೆಗೆದ ಸದ್ದು ಕೇಳಿಸಿತು. ಹೊಳೆವ್ವ ತಿರುಗದೆಯೇ ಕೈಯನ್ನು ಹಿಂದಕ್ಕೆ ಚಾಚಿದಳು.

"ಆ ಕೀಲಿ ನನ್ನ ಕೈಯಾಗ ಕೊಡಪಾ. ವೈಶಾಲಿ ಎಲ್ಲೂ ಹೋಗೂದಿಲ್ಲ."

ಅವನು ಕೊಟ್ಟ.

ಮಷೀನುಗಳು ಮತ್ತೆ ಸುರುವಾದವು. ಅಷ್ಟು ಹೊತ್ತೂ ಯಲ್ಲಾಲಿಂಗಣ್ಣ ಹೊರಗಿನ ಕಿಟಕಿಯಲ್ಲಿ ನಿಂತಿದ್ದನಂತೆ, ನಾವು ನೋಡಿದ್ದು ಆಗಲೇ. ತನ್ನ ಫ್ಲೆಕ್ಸಿನಿಂದ ಹೆಂಡತಿಯ ಕೆಲಸ ಹೋಯಿತೆಂದು ಹೆದರಿದ್ದವನ ಮುಖ ಇನ್ನೂ ಬಿಳಿಚಿಕೊಂಡೇ ಇತ್ತು. ವೈಶಾಲಿ ಅವನನ್ನು ನೋಡಿದಳು. ಟಾಪನ್ನು ಮಷೀನಿನಲ್ಲೇ ಬಿಟ್ಟು ಎದ್ದು ಹೋಗಿ, ಬಾಗಿಲ ಬಳಿಯ ಕೊಡದಿಂದ ತುಂಬಿದ ತಂಬಿಗೆ ಎತ್ತಿ, ಅವನನ್ನೇ ನೋಡುತ್ತ ಕೊನೆಯ ಗುಟುಕಿನವರೆಗೆ ನೀರು ಕುಡಿದಳು. ಆ ಮನುಷ್ಯ ಕಿಟಕಿಯ ಸರಳು ಹಿಡಿದುಕೊಂಡು ಅತ್ತುಬಿಟ್ಟ.